ಒಂದು ತೊಟ್ಟು ದ್ರಾಕ್ಷಿ ರಸ

ಕುವೆಂಪುನಗರ, ಮೈಸೂರು
11-1-2004

ಚಿ. ಶಿಲ್ಪಶ್ರೀಗೆ ಅಮ್ಮ ಹರಸಿ ಬರೆಯುವುದು.

ನಿನ್ನ ಕಾಗದವನ್ನು ನಿನ್ನ ಗೆಳತಿ ಪಂಕಜಾ ದಟ್ಟಗಳ್ಳಿಯಿಂದ ಸ್ಕೂಟರಿನಲ್ಲಿ ತಂದು, ಸೊಪ್ಪಿನ ಚೀಲದೊಳಗಿಟ್ಟು ಕೊಟ್ಟಳು. ಅಡಿಗೆ ಮನೆಯಲ್ಲಿ ನಿಂತೇ ಓದಿದೆ. ನೀನು ಬಸುರಿ ಎಂಬ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಂತೆ ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು. ಹಾಲು ಉಕ್ಕಿದರೆ ಒಳ್ಳೆಯದೇ ಬಿಡು. ನೀನು ಸುನಿಲನ ಜೊತೆ ರಿಜಿಸ್ಟರ್ ಮದುವೆ ಮಾಡಿಕೊಂಡು ಹೋದ ಮೇಲೆ ಈ ಮನೆಯಲ್ಲಿ ನನಗೆ ಮನಸಾರೆ ನಗು ಬಂದದ್ದು ಆವತ್ತೇ.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ನೀನು ಕೇಳಿಲ್ಲ, ಕೇಳುವವಳೂ ಅಲ್ಲ. ಅದಕ್ಕೇ ನಾನು ಕೇಳಿದೆ. ಊಟಕ್ಕೆ ಬಡಿಸುತ್ತಾ ನಿನ್ನ ಅಪ್ಪಾಜಿಗೆ ವಿಷಯ ತಿಳಿಸಿದೆ. ಅವರು ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಎಂದಿನಂತೆ ಅದಕ್ಕೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದು, ಆಮೇಲೆ ಬಾಯಿಬಿಟ್ಟರು. "ಹೆಂಡ ಮಾಡೋ ಕಡೆ ಹೋಗಿ ಸೇರ್ಕೊಂಡವಳು, ಹೆರಿಗೆನೂ ಅಲ್ಲೇ ಮಾಡ್ಕೊಳ್ಲಿ. ಮಠದ ದಾಸೋಹಕ್ಕೆ ನಿಲ್ಲೋನು ನಾನು. ನಾಲ್ಕು ಜನಕ್ಕೆ ಏನಂತ ಹೇಳ್ಲಿ?"

ಈ ನಾಲ್ಕು ಜನ ಯಾರು ಎಂದು ಕೂತು ಯೋಚಿಸಿದೆ. ಮಠದಲ್ಲಿ ಅವರ ಪಕ್ಕ ಕೂರುವವರು. ಅವರ ಹೆಂಡತಿಯರೆಲ್ಲ ನಾವು ವಚನ ಹಾಡಲು ಸೇರುವ ಅಕ್ಕನ ಬಳಗದಲ್ಲಿದ್ದಾರೆ. ಆ ಹೆಂಗಸರೇ ನಿನ್ನ ಮನೆಗೆ ಬಂದು, ನಿನ್ನ ಕೈಯಲ್ಲಿ ಬಡಿಸಿಕೊಂಡು ಉಂಡು ಹೋದರೆ, ನಾಲ್ಕು ಜನದ ಮಾತು ಅಲ್ಲಿಗೆ ಮುಗಿಯಿತಲ್ಲ?

ಶಿವರಾತ್ರಿ ಕಳೆದ ಮೇಲೆ ಬಳಗದಿಂದ ಒಂದು ದಿನದ ಪ್ರವಾಸ ಇದ್ದೇ ಇರುತ್ತದೆ. ಈ ಸಲ ನನ್ನ ಮಗಳ ಮನೆಯ ದ್ರಾಕ್ಷಿ ತೋಟಕ್ಕೆ ಹೋಗೋಣ, ನಂದಿ ಬೆಟ್ಟದ ಬುಡದಲ್ಲಿದೆ ಎಂದೆ. ಎಲ್ಲರಿಗೂ ಖುಷಿಯೋ ಖುಷಿ. ಮಾರ್ಚ್ ಹದಿನಾಲ್ಕು, ಭಾನುವಾರ. ದ್ರಾಕ್ಷಿ ತೋಟ ಎಂದಷ್ಟೇ ಹೇಳಿದ್ದೇನೆ. ನೀನು ಕೆಲಸ ಮಾಡುವ ವೈನ್ ಕಾರ್ಖಾನೆಯ ಸುದ್ದಿ ಎತ್ತಿಲ್ಲ. ಸುನಿಲನ ಮನೆಯವರು ದ್ರಾಕ್ಷಿ ಬೆಳೆಯುವುದು ಸುಳ್ಳಲ್ಲವಲ್ಲ. ಬೆಳೆದದ್ದು ಎಲ್ಲಿಗೆ ಹೋಗುತ್ತದೆ ಎಂದು ನಾವ್ಯಾಕೆ ಸಾರಿಕೊಂಡು ಬರಬೇಕು?

ನಿನ್ನ ಅತ್ತೆ ಮಂಗಳಮ್ಮನವರಿಗೆ ಹೇಳು, ಅಡಿಗೆಗೆ ಹೊಸ ಪಾತ್ರೆಗಳೇ ಇರಲಿ. ಮಾಂಸ ಬೇಯಿಸಿದ್ದು ಯಾವುದೂ ಬೇಡ. ಬಸ್ಸು ಕಾರ್ಖಾನೆಯ ಮುಂದೆ ಬಾರದ ಹಾಗೆ ಹಿಂದಿನ ದಾರಿ ಇದ್ದರೆ ತಿಳಿಸು. ಆ ಬಿಳಿ ಕೋಟನ್ನು ಅವತ್ತು ಹಾಕಿಕೊಳ್ಳಬೇಡ. ಫೋನು ಮಾಡಬೇಡ, ಅವರೇ ಎತ್ತುತ್ತಾರೆ.

ನಿನ್ನ ಅಮ್ಮ
ದಾಕ್ಷಾಯಣಮ್ಮ

~

ದೊಡ್ಡಬಳ್ಳಾಪುರ ತಾಲ್ಲೂಕು
24-1-2004

ಅಮ್ಮನಿಗೆ ಶರಣು.

ನಿನ್ನ ಕಾಗದ ನೋಡಿ ಮೊದಲು ಅಳು, ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ನಾನು ಮಾನಸಗಂಗೋತ್ರಿಯಲ್ಲಿ ಓದಿದ್ದು ಕದ್ದು ಓದಿದ್ದಲ್ಲ. ಅಪ್ಪಾಜಿಯೇ ಫೀಸು ಕಟ್ಟಿ ಓದಿಸಿದರು. ಆ ಓದಿಗೆ ಸಿಕ್ಕ ಕೆಲಸ ಇದು. ದ್ರಾಕ್ಷಿ ರಸ ವೈನ್ ಆಗುವಾಗ ಅದರಲ್ಲಿ ಏನೇನು ನಡೆಯುತ್ತದೆ ಎಂದು ದಿನವೂ ಪರೀಕ್ಷೆ ಮಾಡುವುದು ನನ್ನ ಕೆಲಸ. ಬಿಳಿ ಕೋಟು ಹಾಕಿಕೊಂಡೇ ಮಾಡುತ್ತೇನೆ. ನಾನೇನು ಕಳ್ಳಭಟ್ಟಿ ಕಾಯಿಸುತ್ತಿಲ್ಲ. ಕಳ್ಳಭಟ್ಟಿಯ ಮಾತು ಬಂತಲ್ಲ, ಸಂತೆಪೇಟೆಯ ನಮ್ಮ ಬೆಲ್ಲದ ಮಂಡಿಯಲ್ಲಿ ಮಾರಾಟವಾಗದೆ ಕೊಳೆತ ಕರಿ ಬೆಲ್ಲವನ್ನು ಯಾರು ಕೊಂಡುಹೋಗುತ್ತಾರೆ, ಏತಕ್ಕೆ ಕೊಂಡುಹೋಗುತ್ತಾರೆ ಎಂದು ಅಪ್ಪಾಜಿ ಯಾವತ್ತಾದರೂ ಕೇಳಿದ್ದಾರಾ?

ಅಮ್ಮ, ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ? ಇಲ್ಲಿಗೆ ಬಂದವರಿಗೆ ಕಾರ್ಖಾನೆ ಕಾಣದೆ ಹೋಗುತ್ತಾ? ತೋಟದ ಬೇಲಿಗೂ ಅದರ ಗೋಡೆಗೂ ನಡುವೆ ಒಂದು ಗಾಡಿ ದಾರಿ ಅಷ್ಟೇ ಇರುವುದು. ಅಲ್ಲಿಗೆ ಭಾನುವಾರ ಬೆಂಗಳೂರಿನಿಂದ ಕಾರುಗಳಲ್ಲಿ ಜನ ಬರುತ್ತಾರೆ. ತೊಟ್ಟಿ, ಪೀಪಾಯಿ ಎಲ್ಲ ಸುತ್ತಿ ನೋಡುತ್ತಾರೆ, ವೈನ್ ರುಚಿ ನೋಡುತ್ತಾರೆ, ಜೊತೆಗೆ ಚೀಸು, ಬ್ರೆಡ್ಡು ತಿಂದು ಹೋಗುತ್ತಾರೆ. ಅವರನ್ನು ಸುತ್ತಿಸುವವಳು ಎಷ್ಟೋ ಸಲ ನಾನೇ. ಅವರಿಗೆ ತೋರಿಸುವುದನ್ನು ನನ್ನವರಿಗೆ ಮುಚ್ಚಿಡಬೇಕಾ?

ಬನ್ನಿ. ಎಲ್ಲರೂ ಬನ್ನಿ. ಆದರೆ ಮೊದಲು ಕಾರ್ಖಾನೆ, ಆಮೇಲೆ ಊಟ. ದ್ರಾಕ್ಷಿ ಚಪ್ಪರದ ಕೆಳಗೆ ಸಾಲಾಗಿ ಎಲೆ ಹಾಕಿಸುತ್ತೇನೆ. ಹೋಳಿಗೆ, ಹೋಳಿಗೆ ಸಾರು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ. ಮಂಗಳತ್ತೆ ಹೊಸ ಪಾತ್ರೆಗೆ ಆಗಲೇ ಹೇಳಿದ್ದಾರೆ. ನಿಮ್ಮ ಕಡೆಯವರು ಬರುತ್ತಾರೆಂದು ಮಾವ ದೇವರಾಜು ಅವರು ಮನೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಇವರ ಸಂಭ್ರಮ ನೋಡಿದರೆ ನನಗೆ ಹೆದರಿಕೆಯಾಗುತ್ತದೆ.

ಸುಳ್ಳು ಹೇಳಿ ಕರೆದುಕೊಂಡು ಬರುವುದಾದರೆ ಬರಬೇಡ ಅಮ್ಮ. ಬಾಣಂತನ ಇಲ್ಲೂ ಆಗುತ್ತದೆ.

ಶಿಲ್ಪ

~

ಕುವೆಂಪುನಗರ
6-2-2004

ಚಿ. ಶಿಲ್ಪ,

ಬಾಣಂತನ ಅಲ್ಲೂ ಆಗುತ್ತದೆ ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಮಂಗಳಮ್ಮನವರು ಒಳ್ಳೆಯವರೇ ಇರಬಹುದು. ಆದರೆ ಹೆತ್ತ ಮೈಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹಾಕಿ, ಖಾರದ ಉಂಡೆ ಮಾಡಿಕೊಟ್ಟು ಕಾಯುವುದಕ್ಕೆ ಕೊಟ್ಟ ಮನೆಯವರು ಸಾಲದು ಕಣೇ. ಇದು ನನ್ನ ಆಸೆ. ನನ್ನದೂ ಒಂದು ಆಸೆ ಅಂತ ಇರಬಾರದಾ?

ಕರಿ ಬೆಲ್ಲದ ಮಾತನ್ನು ಓದಿದೆ. ಅದನ್ನು ಅವರಿಗೆ ಹೇಳಿಲ್ಲ. ಹೇಳುವ ಕಾಲ ಬಂದರೆ ಹೇಳುತ್ತೇನೆ.

ಬಳಗದಲ್ಲಿ ಎಲ್ಲರಿಗೂ ಹೇಳು ಎನ್ನುತ್ತೀಯ. ಎಲ್ಲರೂ ಎಂದರೆ ಯಾರು ಗೊತ್ತಲ್ಲ? ನಿನ್ನ ಸೋದರತ್ತೆ ಪುಟ್ಟಬಸಮ್ಮ. ಅವರು ಒಂದು ಸಲ ಮೂಗು ಮುರಿದರೆ ಬಳಗವೆಲ್ಲ ಮುರಿಯುತ್ತದೆ. ಅವರ ಬಾಯಿಂದ ತಮ್ಮನ ಕಿವಿಗೆ ಸುದ್ದಿ ಹೋಗಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬೇಡ. ಹೊರಡುವ ಮೊದಲೇ ಹೇಳಿದರೆ ಬಸ್ಸೇ ಹೊರಡುವುದಿಲ್ಲ. ಸ್ವಲ್ಪ ನನ್ನ ಮೇಲೆ ಬಿಡು. ಹೇಳುತ್ತೇನೆ. ಎಲ್ಲಿ, ಯಾವಾಗ ಎಂದು ಮಾತ್ರ ಕೇಳಬೇಡ.

ನನಗೆ ಇನ್ನೊಂದು ಯೋಚನೆ ಬಂದಿದೆ. ಅಷ್ಟು ದೂರ ದ್ರಾಕ್ಷಿ ತೋಟಕ್ಕೆ ಬಂದವರಿಗೆ ಕುಡಿಯಲು ದ್ರಾಕ್ಷಿ ರಸ ಕೊಡಬೇಕಲ್ಲವಾ? ಊಟಕ್ಕೆ ಕೂರುವ ಮೊದಲು ಅದನ್ನು ಲಿಂಗಕ್ಕೆ ಅರ್ಪಿಸಿ ಕುಡಿದರೆ ನಿನ್ನ ಮನೆಯ ಮೊದಲ ಪ್ರಸಾದ ಅದೇ ಆಗುತ್ತದೆ. ಆದರೆ ಕಾರ್ಖಾನೆಯ ಪಕ್ಕದಲ್ಲಿ ಹಿಂಡಿದ ರಸ ಎಂದರೆ ನನಗೇ ಎದೆ ಹಾರುತ್ತದೆ. ಹಿಂಡಿದ ಎಷ್ಟು ಹೊತ್ತಿಗೆ ಅದು ವೈನ್ ಆಗುತ್ತದೆ? ನಗಬೇಡ, ಸರಿಯಾಗಿ ಬರೆ.

ಅಮ್ಮ

~

ದೊಡ್ಡಬಳ್ಳಾಪುರ ತಾಲ್ಲೂಕು
17-2-2004

ಅಮ್ಮನಿಗೆ,

ನಗಲಿಲ್ಲ. ಬಳಗದವರು ಬೇರೇನೂ ಕೇಳದಿದ್ದರೂ ಇದನ್ನು ಕೇಳೇ ಕೇಳುತ್ತಾರೆ.

ಹಿಂಡಿದ ಕೂಡಲೇ ಅದು ಬರೀ ಹಣ್ಣಿನ ರಸ, ಕಬ್ಬಿನ ಹಾಲಿದ್ದ ಹಾಗೆ. ತಣ್ಣನೆ ಕೋಣೆಯಲ್ಲಿಟ್ಟರೆ ಹಾಗೇ ಉಳಿಯುತ್ತದೆ. ಹೊರಗೆ ಸೆಕೆಯಲ್ಲಿಟ್ಟರೆ ಮರುದಿನಕ್ಕೆ ದೋಸೆ ಹಿಟ್ಟಿನ ಹಾಗೆ ಹುಳಿಯಲು ಶುರು. ಅಂಚಿನಲ್ಲಿ ಸಣ್ಣ ನೊರೆ ಬರುತ್ತದೆ, ನಾಲಿಗೆಗೆ ಚುಚ್ಚುತ್ತದೆ. ಅಷ್ಟಕ್ಕೇ ಅದು ವೈನ್ ಆಗಿಬಿಡುವುದಿಲ್ಲ, ಆದರೆ ಆ ದಾರಿ ಹಿಡಿದಿರುತ್ತದೆ.

ನಿಮಗೆ ಕೊಡುವ ರಸವನ್ನು ಶನಿವಾರ ನಾನೇ ನಿಂತು ಹಿಂಡಿಸಿ ತಣ್ಣನೆ ಕೋಣೆಯಲ್ಲಿಡುತ್ತೇನೆ. ಅದರಲ್ಲಿ ಒಂದು ಹನಿಯೂ ಕೆಡುವುದಿಲ್ಲ. ಇದು ನನ್ನ ಮಾತು ಅಮ್ಮ. ಇಷ್ಟು ದಿನ ಕಲಿತದ್ದು ಇದೊಂದನ್ನೇ.

ನೀನೂ ಮಾತು ಕೊಟ್ಟಿದ್ದೀಯ. ಹೇಳಿ ಕರೆದುಕೊಂಡು ಬಾ.

ಶಿಲ್ಪ

~

ಕುವೆಂಪುನಗರ
2-3-2004

ಶಿಲ್ಪ,

ನಿನ್ನ ಅಪ್ಪಾಜಿಗೆ ಗೊತ್ತಾಯಿತು. ಎಲ್ಲಿಗೆ ಪ್ರವಾಸ ಎಂದು ಪುಟ್ಟಬಸಮ್ಮನವರೇ ಮಾತಿನ ಮಧ್ಯೆ ಅಂದುಬಿಟ್ಟರಂತೆ. ಬೇಕೆಂದೇ ಅಂದರೋ, ಬಾಯಿ ತಪ್ಪಿ ಬಂತೋ, ಆ ಶಿವನಿಗೇ ಗೊತ್ತು.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಪೂಜೆ ಮುಗಿಸಿ ಬಂದು, ವಿಭೂತಿ ಹಚ್ಚಿದ ಹಣೆಯಲ್ಲೇ ನಿಂತು, ಮೆಲ್ಲಗೆ ಹೇಳಿದರು. "ಮಗಳನ್ನ ನೋಡ್ಬೇಕು ಅಂತಿದ್ರೆ ನೋಡ್ಕೊಂಡು ಬಾ, ಬೇಡ ಅನ್ನಲ್ಲ. ಆ ಮನೇಲಿ ಒಂದು ತೊಟ್ಟು ಬಾಯಿಗೆ ಹಾಕ್ಕೊಂಡ್ಯೋ, ಬಂದು ಈ ಮನೇಲಿ ಒಲೆ ಹಚ್ಬೇಡ."

ಮೂವತ್ತು ವರ್ಷದಲ್ಲಿ ನನ್ನ ಒಲೆಯ ಸುದ್ದಿಗೆ ಬಂದವರಲ್ಲ.

ಬಸ್ಸಿಗೆ ಹೇಳಿಯಾಗಿದೆ. ಬರುತ್ತೇನೆ. ಉಣ್ಣುತ್ತೇನೋ ಇಲ್ಲವೋ ತಿಳಿಯದು. ಉಣ್ಣದೆ ಎದ್ದರೆ ಮಂಗಳಮ್ಮನವರ ಮುಖ ಹೇಗೆ ನೋಡಲಿ, ಉಂಡರೆ ಇವರ ಮುಖ ಹೇಗೆ ನೋಡಲಿ? ನೀನು ಮೈ ನೋಡಿಕೋ. ಅವತ್ತು ಬಿಸಿಲಲ್ಲಿ ಓಡಾಡಬೇಡ.

ಅಮ್ಮ

~

ದೊಡ್ಡಬಳ್ಳಾಪುರ ತಾಲ್ಲೂಕು
16-3-2004

ಅಮ್ಮ,

ನೀವೆಲ್ಲ ಹೋದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಬಸ್ಸು ಹತ್ತುವಾಗ ನನ್ನ ಕೆನ್ನೆ ಸವರಿದೆ, ಒಂದು ಮಾತೂ ಆಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಸ್ಸಿನಿಂದ ಇಳಿದಾಗಲೇ ನಿನ್ನ ಮುಖ ಒಣಗಿತ್ತು. ಎಲ್ಲರಿಗೂ ವಿಷಯ ಗೊತ್ತಿದೆ ಎನ್ನುವುದು ಅವರ ನಡಿಗೆಯಲ್ಲೇ ಕಂಡಿತು. ನಿಮ್ಮ ಬಳಗದ ಸೋಮಮ್ಮನವರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಾರ್ಖಾನೆ ಸುತ್ತಿದರು. ಪುಟ್ಟಬಸಮ್ಮತ್ತೆ ಮಾತ್ರ ಪೀಪಾಯಿಗೆ ಕಿವಿ ಇಟ್ಟು, "ಒಳಗೆ ಸದ್ದು ಮಾಡ್ತದಲ್ಲೇ, ಏನದು?" ಎಂದು ಕೇಳಿದರು. ನಾನು ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎಂದೂ ಅನ್ನಲಿಲ್ಲ.

ಆಮೇಲೆ ಚಪ್ಪರದ ಕೆಳಗೆ ಬಂದಿರಿ. ಎಲೆ ಹಾಕಿತ್ತು, ಆದರೆ ಯಾರೂ ಕೂರಲಿಲ್ಲ. ಮಂಗಳತ್ತೆ ರಸದ ಕೊಳಗ ತಂದಿಟ್ಟರು. ಪುಟ್ಟಬಸಮ್ಮತ್ತೆ ಎಲ್ಲರ ಮುಂದೆ ನಿನ್ನನ್ನು ಕರೆದರು. "ದಾಕ್ಷಾಯಣಿ, ಇದು ನಿನ್ನ ಮಗಳ ಮನೆ. ಮೊದಲು ನೀನು ಅರ್ಪಿಸು. ನೀನು ಕುಡಿದ್ರೆ ನಾವು ಕೂತ್ಕೋತೀವಿ." ಅಪ್ಪಾಜಿ ನಿನಗೆ ಏನು ಹೇಳಿದ್ದರೆಂದು ಅವರಿಗೆ ಗೊತ್ತಿತ್ತು ಅನಿಸಿತು.

ನೀನು ಎಡಗೈಯಲ್ಲಿ ಲಿಂಗ ಹಿಡಿದು, ಬಲಗೈಯಲ್ಲಿ ಲೋಟ ಎತ್ತಿ, ಕಣ್ಣು ಮುಚ್ಚಿದೆ. ಆಗ ನಾನು ಕೊಳಗದ ಕಡೆ ನೋಡಿದೆ. ಅಂಚಿನ ಸುತ್ತ ಸಣ್ಣ ನೊರೆ. ಆ ನೊರೆಯನ್ನು ಗುರುತಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಬೇಡ ಎಂದು ಕೂಗಬೇಕು ಎನ್ನುವಷ್ಟರಲ್ಲಿ ನೀನು ಕಣ್ಣು ಬಿಟ್ಟು, ಲೋಟ ಬಾಯಿಗಿಟ್ಟಾಗಿತ್ತು. ಒಂದು ಗುಟುಕು ಕುಡಿದು ನಿಂತೆ. ನನ್ನ ಮುಖ ನೋಡಿದೆ. ಆಮೇಲೆ ಪೂರ್ತಿ ಕುಡಿದೆ. ಲೋಟಕ್ಕೆ ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿದೆ.

ಪುಟ್ಟಬಸಮ್ಮತ್ತೆ ಕೊಳಗಕ್ಕೆ ಬೆರಳು ಅದ್ದಿ ನಾಲಿಗೆಗಿಟ್ಟುಕೊಂಡದ್ದನ್ನು ನೀನು ನೋಡಿದೆಯೋ ಇಲ್ಲವೋ. ಅವರು ಮಂಗಳತ್ತೆಗೆ ಹೇಳಿದ್ದು ಇಷ್ಟೇ. "ಸೆಕೆಗೆ ಹುಳಿ ಬಂದದೆ ಕಣಮ್ಮ. ನಮಗೆ ಮಜ್ಜಿಗೆ ಕೊಟ್ಬುಡು." ಹಾಗೆಂದು ಮೊದಲ ಎಲೆಯ ಮುಂದೆ ಕೂತರು. ಅವರು ಕೂತ ಮೇಲೆ ಸೋಮಮ್ಮನವರೂ ಕೂತರು. ನೀನೂ ಕೂತು ಉಂಡೆ. ಹೋಳಿಗೆಗೆ ನಾನು ಬಡಿಸಿದ ತುಪ್ಪ ಎಲೆಯ ಹೊರಗೂ ಬಿತ್ತು.

ತಪ್ಪು ಹೇಗಾಯಿತೆಂದು ಆಮೇಲೆ ತಿಳಿಯಿತು. ವಯಸ್ಸಾದವರು ಬರುತ್ತಾರೆ, ತಣ್ಣಗಿದ್ದದ್ದು ಕುಡಿದರೆ ಥಂಡಿಯಾಗಿ ಕೆಮ್ಮು ಹಿಡಿಯುತ್ತದೆ ಎಂದು ಮಂಗಳತ್ತೆ ಶನಿವಾರ ಸಂಜೆಯೇ ಕೊಳಗವನ್ನು ತಣ್ಣನೆ ಕೋಣೆಯಿಂದ ತರಿಸಿ ಅಡಿಗೆ ಮನೆಯಲ್ಲಿಟ್ಟಿದ್ದಾರೆ. ಹೋಳಿಗೆ ಬೇಯಿಸುವ ಒಲೆಯ ಪಕ್ಕದಲ್ಲೇ. ಈಗ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಾರೆ. ಅವರನ್ನು ಬೈಯಬೇಡ. ಬಡಿಸುವ ಮೊದಲು ನಾನು ನೋಡಬೇಕಿತ್ತು. ಮಾತು ಕೊಟ್ಟವಳು ನಾನು.

ನಿನಗೆ ಗೊತ್ತಾಯಿತಾ ಅಮ್ಮ? ಗೊತ್ತಿದ್ದೇ ಕುಡಿದೆಯಾ? ಮನೆಯಲ್ಲಿ ಏನಾಯಿತು?

ಶಿಲ್ಪ

~

ಕುವೆಂಪುನಗರ
29-3-2004

ಚಿ. ಶಿಲ್ಪಶ್ರೀಗೆ,

ಅವತ್ತೇ ಉತ್ತರ ಬರೆಯಬೇಕಿತ್ತು. ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಮೊದಲು ಬಸ್ಸಿನ ಸುದ್ದಿ. ಮದ್ದೂರಿನಲ್ಲಿ ತಿಂಡಿ ಮುಗಿಸಿ ಎಲ್ಲರೂ ಹತ್ತಿದ ಮೇಲೆ, ಡ್ರೈವರಿಗೆ ಹಾಡು ನಿಲ್ಲಿಸಲು ಹೇಳಿ ಎದ್ದು ನಿಂತೆ. ನನ್ನ ಮಗಳ ಮನೆಯ ದ್ರಾಕ್ಷಿ ವೈನ್ ಕಾರ್ಖಾನೆಗೆ ಹೋಗುತ್ತದೆ, ಅವಳು ಅಲ್ಲೇ ಕೆಲಸ ಮಾಡುತ್ತಾಳೆ, ಮುಚ್ಚಿಟ್ಟದ್ದು ನಾನು, ಅವಳಲ್ಲ ಎಂದೆ. ಸೋಮಮ್ಮ ಚನ್ನಪಟ್ಟಣದಲ್ಲಿ ಇಳಿದು ವಾಪಸ್ಸು ಹೋಗುತ್ತೇನೆ ಎಂದರು. ಆಗ ಪುಟ್ಟಬಸಮ್ಮನವರೇ ತಡೆದರು. "ಇಷ್ಟು ದೂರ ಬಂದು ನೋಡ್ದೆ ಹೋದ್ರೆ ಇನ್ನೊಬ್ರ ಬಾಯಿಂದ ಕೇಳ್ಬೇಕಾಯ್ತದೆ. ನಾವೇ ನೋಡ್ಬುಡವ, ಕೂತ್ಕೋ." ನಿನ್ನ ಮಾತು ಉಳಿಸಿದೆ. ಮೊದಲೇ ಹೇಳಿದ್ದರೆ ಏನಾಗುತ್ತಿತ್ತೋ ಎಂಬ ಲೆಕ್ಕ ಈಗ ಬೇಡ.

ಗೊತ್ತಾಯಿತಾ ಎಂದು ಕೇಳಿದ್ದೀಯ. ಇಷ್ಟು ವರ್ಷ ದೋಸೆ ಹಿಟ್ಟು ರುಬ್ಬಿದವಳಿಗೆ ಹುಳಿ ಗೊತ್ತಾಗದೆ ಇರುತ್ತದಾ? ನಾಲಿಗೆಗೆ ತಾಗಿದ ಕೂಡಲೇ ಚುಚ್ಚಿತು. ನೀನು ಬರೆದದ್ದೆಲ್ಲ ನೆನಪಾಯಿತು. ಕೆಳಗಿಟ್ಟಿದ್ದರೆ ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ. ಆದರೆ ನಿನ್ನ ಮುಖ ನೋಡಿದೆ. ಸುಣ್ಣದ ಗೋಡೆ ಹಾಗೆ ಬೆಳ್ಳಗಾಗಿತ್ತು. ಆ ಲೋಟ ಕೆಳಗಿಟ್ಟರೆ ನನ್ನ ಮಗಳನ್ನು ಅಷ್ಟು ಜನರ ಮುಂದೆ ನಾನೇ ಕೆಳಗಿಟ್ಟ ಹಾಗೆ.

ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದ, ಪ್ರಸಾದವನ್ನು ಬಿಡಬಾರದು. ಅದು ನಿಜ. ಅದರ ಜೊತೆಗೆ ಇನ್ನೊಂದು ನಿಜವನ್ನೂ ಹೇಳುತ್ತೇನೆ. ಅರ್ಪಿಸಿದ್ದೇನೆ ಎಂಬ ಧೈರ್ಯ ಇತ್ತು, ಕುಡಿದದ್ದು ನಿನಗೋಸ್ಕರ. ಶಿವ ಇದನ್ನು ಹೇಗೆ ತಿಳಿದುಕೊಳ್ಳುತ್ತಾನೋ ತಿಳಿದುಕೊಳ್ಳಲಿ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಿನ್ನ ಅಪ್ಪಾಜಿಗೆ ಎಲ್ಲ ಹೇಳಿದೆ. ಹುಳಿ ಬಂದಿದ್ದ ರಸ, ಅರ್ಪಿಸಿದ ಮೇಲೆ ತಿಳಿಯಿತು, ಬಿಡದೆ ಕುಡಿದೆ, ಆಮೇಲೆ ಹೊಟ್ಟೆ ತುಂಬ ಉಂಡೆ ಎಂದೆ. "ಗೊತ್ತಾದ ಮೇಲೂ ಕುಡಿದ್ಯಾ?" ಎಂದರು. ಹೂಂ ಎಂದೆ. ಎದ್ದು ಪೂಜೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರನೆಯ ದಿನದಿಂದ ನಾನು ಒಲೆ ಹಚ್ಚಿಲ್ಲ. ಅವರು ಹೇಳಿದ್ದನ್ನೇ ನಡೆಸುತ್ತಿದ್ದೇನೆ. ಅವಲಕ್ಕಿ ನೆನೆಸಿಕೊಳ್ಳುತ್ತೇನೆ, ಬಾಳೆಹಣ್ಣು ತಿನ್ನುತ್ತೇನೆ. ಅವರು ಮಂಡಿಗೆ ಹೋಗುವಾಗ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಮನೆಯಲ್ಲಿ ಉಣ್ಣುವುದಕ್ಕೇ ಇಲ್ಲ, ಮುಗಿಯುವುದು ಹೇಗೆ?

ಮೊನ್ನೆ ಪುಟ್ಟಬಸಮ್ಮನವರು ಬಂದಿದ್ದರು. ತಣ್ಣಗಿದ್ದ ಒಲೆಯನ್ನು ನೋಡಿದರು, ನನ್ನ ಜೊತೆ ಅವಲಕ್ಕಿ ತಿಂದರು. ಹೋಗುವಾಗ ಬಾಗಿಲಲ್ಲಿ ನಿಂತು ತಮ್ಮನಿಗೆ ಹೇಳಿದರು. "ಆ ಮನೆ ಊಟ ನಾನೂ ಉಂಡು ಬಂದಿದ್ದೀನಿ ಮಲ್ಲಪ್ಪ. ನನ್ನ ಮನೆ ಒಲೆನೂ ಆರಿಸ್ತೀಯೇನು?" ನಾನೂ ಸುಮ್ಮನಿರಲಿಲ್ಲ. ಕರಿ ಬೆಲ್ಲದ ಮಾತನ್ನು ಆಗಲೇ ಹೇಳಿಬಿಟ್ಟೆ. ನಿನ್ನ ಅಪ್ಪಾಜಿ ಪಂಚೆ ಕೊಡವಿಕೊಂಡು ಹೊರಗೆ ಹೋದರು.

ಮುಂದೇನೋ ತಿಳಿಯದು. ಮಂಗಳಮ್ಮನವರಿಗೆ ಹೇಳು, ಅವರ ಹೋಳಿಗೆಯ ರುಚಿ ಇನ್ನೂ ಬಾಯಲ್ಲಿದೆ, ಕೆಮ್ಮಂತೂ ಯಾರಿಗೂ ಬಂದಿಲ್ಲ.

ಅಮ್ಮ

~

ಮೈಸೂರು
18-4-2004

ಚಿ. ಶಿಲ್ಪಶ್ರೀಗೆ,

ವಿಳಾಸ ಪಂಕಜಾ ಕೊಟ್ಟಳು. ಈ ಕಾಗದ ಬರೆಯುತ್ತಿರುವುದು ನಿನ್ನ ಅಮ್ಮನಿಗೆ ತಿಳಿಯದು.

ನಿನ್ನ ಕೆಲಸಕ್ಕೆ ನನ್ನ ಒಪ್ಪಿಗೆ ಇಲ್ಲ. ಮುಂದೆಯೂ ಇರುವುದಿಲ್ಲ. ಅದನ್ನು ಮೊದಲೇ ಬರೆದುಬಿಡುತ್ತೇನೆ. ಆದರೆ ಕರಿ ಬೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀಯಂತೆ. ನನಗೆ ಗೊತ್ತು. ಗೊತ್ತಿದ್ದೇ ಕೇಳದೆ ಇದ್ದೆ. ಈ ವಾರ ಅದನ್ನು ಕೊಳ್ಳಲು ಬಂದವನನ್ನು ವಾಪಸ್ಸು ಕಳಿಸಿದೆ.

ನೀನು ಚಿಕ್ಕವಳಿದ್ದಾಗ ಹಾಗಲಕಾಯಿ ಪಲ್ಯ ಬಿಟ್ಟು ಎದ್ದೆ ಎಂದು ಕೈ ಹಿಡಿದು ಕೂರಿಸಿ ತಿನ್ನಿಸಿದ್ದೆ. ತಟ್ಟೆಗೆ ಬಂದದ್ದು ಪ್ರಸಾದ, ಕಹಿ ಎಂದು ಬಿಡಬಾರದು ಎಂದು ಹೇಳಿದ್ದೆ. ಎರಡು ವರ್ಷದಿಂದ ಮಗಳನ್ನೇ ಬಿಟ್ಟು ಎದ್ದಿರುವವನು ನೀನೇ ಎಂದು ನಿನ್ನ ಸೋದರತ್ತೆ ಬೈದಳು. ಅಕ್ಕನಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ.

ನಿನ್ನ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಹಚ್ಚು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಯುಗಾದಿಗೂ ನಮ್ಮ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಏಪ್ರಿಲ್ ಶುರುವಿನಲ್ಲಿ ಒಂದು ಬೆಳಗ್ಗೆ ನಾನೇ ಹಚ್ಚಿದೆ. ಉಪ್ಪಿಟ್ಟು ಮಾಡಿದೆ, ತಳ ಹಿಡಿಯಿತು, ಉಪ್ಪು ಜಾಸ್ತಿಯಾಯಿತು. ಅವಳು ಸೀದದ್ದನ್ನೂ ಬಿಡದೆ ತಿಂದು, ತಟ್ಟೆ ತೊಳೆದು ಆ ನೀರು ಕುಡಿದಳು. ಮಧ್ಯಾಹ್ನದ ಅಡಿಗೆ ಅವಳೇ ಮಾಡಿದಳು.

ಹಿತ್ತಿಲಿನ ಹಂಡೆ ಒಲೆ ಗೀಸರ್ ಬಂದ ಮೇಲೆ ಬಿದ್ದುಹೋಗಿತ್ತು. ಬಾಣಂತಿ ಸ್ನಾನಕ್ಕೆ ಗೀಸರಿನ ನೀರು ಸಾಲದು ಎನ್ನುತ್ತಾರೆ. ಮಂಡಕಳ್ಳಿಯ ಮೂಗಯ್ಯನನ್ನು ಕರೆಸಿ ಹೊಸದಾಗಿ ಕಟ್ಟಿಸಿದ್ದೇನೆ. ತಾಮ್ರದ ಹಂಡೆಗೆ ಕಲಾಯಿ ಹಾಕಿಸಿದೆ. ಸೌದೆ ಬಂದಿದೆ. ನಿನ್ನ ಅಮ್ಮ ಹಂಡೆಯನ್ನು ಒಳಗೆ ಕೊಂಡುಹೋಗಿ ಇನ್ನೊಮ್ಮೆ ಹುಣಸೆಹಣ್ಣು ಹಾಕಿ ಬೆಳಗಿದಳು.

ಏಳನೇ ತಿಂಗಳಲ್ಲಿ ಕರೆದುಕೊಂಡು ಬರುವುದು ನಮ್ಮ ಪದ್ಧತಿ. ಯಾವ ದಿನ ಎಂದು ನಿನ್ನ ಮಾವನವರನ್ನು ಕೇಳಿ ಬರೆ. ಅವರ ಮನೆಗೆ ನಾನೇ ಬರಬೇಕು. ಊಟದ ಹೊತ್ತಿಗೆ ಬರುತ್ತೇನೆ.

ಇವತ್ತು ಒಲೆ ಹಚ್ಚಿ ನೋಡಿದೆ. ಹೊಗೆ ಸರಿಯಾಗಿ ಮೇಲಕ್ಕೆ ಹೋಗುತ್ತಿದೆ.

ನಿನ್ನ ಅಪ್ಪಾಜಿ
ಶಿವಮಲ್ಲಪ್ಪ